ಮಿಲ್ಲಿನ ಅಯಸ್ಕಾಂತ ಮತ್ತು ಅವ್ವನ ಕಾಫಿ ಚೊಂಬು

ಅವ್ವನ ಸೆರಗಿಗೆ ಗ್ಯಾಸ್ ಒಲೆಯ ಬೆಂಕಿ ತಾಗಿದ ದಿನವೇ ನಾನು ಚಳ್ಳಕೆರೆ ಪೇಟೆಗೆ ಹೋಗಿ ಇಂಡಕ್ಷನ್ ಒಲೆ ತಂದೆ. ಸುಟ್ಟಿದ್ದು ಅಂಗೈಯಗಲ ಬಟ್ಟೆ ಅಷ್ಟೇ, ಆದರೆ ನಾನು ಸ್ಕೂಲಿಗೆ ಹೋದಮೇಲೆ ಮನೆಯಲ್ಲಿ ಅವಳೊಬ್ಬಳೇ. ಕಿಟಕಿಯಿಂದ ಗಾಳಿ ಬೀಸಿತು ಎಂದಳು ಅವ್ವ. ನಂಬಿದೆ. ಸಿಲಿಂಡರಿನ ಕತ್ತು ತಿರುಗಿಸಿ ಬಂದ್ ಮಾಡಿ, ಇನ್ನು ಮೇಲೆ ಈ ಮನೆಯಲ್ಲಿ ಬೆಂಕಿಯಿಲ್ಲದ ಒಲೆಯೇ ಎಂದು ಹುಕುಂ ಹೊರಡಿಸಿದೆ. ಮೇಡಮ್ಮುಗಳ ಬುದ್ಧಿ, ಮನೆಯಲ್ಲೂ ಬಿಡುವುದಿಲ್ಲ.

ಮಾರನೆಯ ಬೆಳಿಗ್ಗೆ ಅವ್ವ ಒಲೆಯ ಗಾಜನ್ನು ಒದ್ದೆ ಬಟ್ಟೆಯಿಂದ ಒರೆಸಿ, ವಿಭೂತಿ ಎಳೆದು, ಕುಂಕುಮ ಇಟ್ಟಳು. ಕುಂಕುಮ ಹೋಗಿ ಸ್ವಿಚ್ಚಿನ ಮೇಲೆ ಕೂತಿತ್ತು. ಆಮೇಲೆ ತನ್ನ ಹಿತ್ತಾಳೆ ಚೊಂಬು ಏರಿಸಿದಳು. ಅವಳ ಮದುವೆಗೆಂದು ತವರಿನವರು ಮೊಳಕಾಲ್ಮೂರಿನಲ್ಲಿ ಕೊಂಡುಕೊಟ್ಟ ಚೊಂಬು ಅದು. ನನಗೆ ಬುದ್ಧಿ ತಿಳಿದಾಗಿನಿಂದ ನಮ್ಮ ಮನೆಯ ಬೆಲ್ಲದ ಕಾಫಿ ಕುದಿದದ್ದು ಅದರಲ್ಲೇ, ಕುದಿಸಿದ್ದು ಅವಳೇ. ಒಲೆ ಕುಂಯ್ ಕುಂಯ್ ಎಂದು ಕೂಗಿಕೊಂಡು ಆರಿಹೋಯಿತು.

ಹಿತ್ತಾಳೆ ಇದಕ್ಕೆ ಆಗುವುದಿಲ್ಲ, ಅಯಸ್ಕಾಂತ ಅಂಟುವ ಪಾತ್ರೆಯೇ ಬೇಕು ಎಂದು ಪಾಠ ಮಾಡಿದೆ. ಅವಳು ಪೂರಾ ಕೇಳಿಸಿಕೊಂಡು, ಬುಡಕ್ಕೆ ಬೂದಿ ಬಳಿಯದೆ ಇಟ್ಟದ್ದೇ ತಪ್ಪಾಯಿತು ಎಂದು ತೀರ್ಮಾನಿಸಿದಳು. ಸೌದೆ ಒಲೆಯ ಕಾಲದಲ್ಲಿ ಮಸಿ ಹಿಡಿಯದಿರಲೆಂದು ಪಾತ್ರೆಯ ಬುಡಕ್ಕೆ ಹಸಿ ಬೂದಿ ಬಳಿದೇ ಏರಿಸುತ್ತಿದ್ದರಲ್ಲ, ಅದು. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಎದುರು ಮನೆಯ ನೀರೊಲೆಯಿಂದ ಬೂದಿ ತಂದು, ಕಲಸಿ, ಬಳಿದು, ಹೊಸ ಗಾಜಿನ ಮೇಲೆ ಕೂರಿಸಿದ್ದಳು. ಒಲೆ ಮತ್ತೆ ಅರಚುತ್ತಿತ್ತು, ಗಾಜಿನ ತುಂಬ ರಾಡಿ. ರೇಗಾಡಿಬಿಟ್ಟೆ. ಸ್ಟೀಲ್ ಪಾತ್ರೆಯಲ್ಲಿ ನಾನೇ ಕಾಫಿ ಮಾಡಿ ಮುಂದಿಟ್ಟೆ. ಮುಟ್ಟಲಿಲ್ಲ.

“ನನ್ ಕೈಯಾಗೆ ಮಾಡ್ಕೊಂಡು ಕುಡಿಯಂಗಿದ್ರೆ ಕುಡೀತೀನಿ. ಇಲ್ಲಾಂದ್ರೆ ಕಾಫೀನೇ ಬ್ಯಾಡ ನಂಗೆ.”

ಅವ್ವ ಹಾಗೆಂದಳೆಂದರೆ ಮುಗಿಯಿತು. ನಾಲ್ಕು ದಿನ ಹಣೆಗೆ ಬಟ್ಟೆ ಬಿಗಿದುಕೊಂಡು, ತಲೆ ಸಿಡಿಯುತ್ತಿದ್ದರೂ ಸಿಡಿಯುತ್ತಿಲ್ಲ ಎನ್ನುತ್ತಾ ಕೂತಳು. ಅವಳ ಎದುರು ನನ್ನ ಕಾಫಿಯೂ ಲೋಟದಲ್ಲೇ ಆರಿಹೋಯಿತು. ಹೊಸ ಒಲೆಗೆ ಹೊಂದುವ, ಅವಳ ಮನಸ್ಸಿಗೂ ಒಪ್ಪುವ ಪಾತ್ರೆ ಹುಡುಕದೆ ಬೇರೆ ದಾರಿ ಇರಲಿಲ್ಲ.

ನಮ್ಮ ರಸ್ತೆಯ ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಜೊತೆ ಬರುವ ಮೊಳೆ, ತಂತಿ ಹಿಡಿಯಲು ಅಯಸ್ಕಾಂತದ ಗಟ್ಟಿಗಳನ್ನು ಇಟ್ಟಿರುತ್ತಾರೆ. ಹಳೆಯದೊಂದನ್ನು ಕೇಳಿ ತಂದು ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡೆ. ಚಳ್ಳಕೆರೆಯ ಪಾತ್ರೆ ಅಂಗಡಿಗಳನ್ನು ಅವ್ವ ಲೆಕ್ಕಕ್ಕೇ ಹಿಡಿಯಲಿಲ್ಲ. ಚೊಂಬು ಕೊಂಡ ಅಂಗಡಿಗೇ ಹೋಗಬೇಕಂತೆ. ಸರಿ, ಭಾನುವಾರ ಇಬ್ಬರೂ ಮೊಳಕಾಲ್ಮೂರು ಬಸ್ಸು ಹತ್ತಿದೆವು. ಇಳಿಯುವಾಗ ನೋಡುತ್ತೇನೆ, ಬ್ಯಾಗು ಮುಂದಿನ ಸೀಟಿನ ಕಂಬಿಗೆ ಕಚ್ಚಿಕೊಂಡಿದೆ. ಎಳೆದೆ, ಜಗ್ಗಿದೆ, ಬರಲೊಲ್ಲದು. ದೇವಸಮುದ್ರಕ್ಕೆ ಹೋಗುವ ಇಬ್ಬರು ಗಂಡಸರು ಎದ್ದು ಬಂದು ಕಂಬಿಗೆ ಕಾಲು ಕೊಟ್ಟು ಎಳೆದರು. ಮೇಡಂ ಬ್ಯಾಗಿನಲ್ಲಿ ಏನಿಟ್ಟಿದ್ದೀರಿ ಎಂದು ಕಂಡಕ್ಟರ್ ಕೇಳಿದ. ಅಯಸ್ಕಾಂತ ಎಂದೆ. ಅವನು ಸೀಟಿ ಊದಿದ.

ಅಂಗಡಿ ಇನ್ನೂ ಇತ್ತು. ವಯಸ್ಸಾದ ಸಾಬರು ಕೂತಿದ್ದರು. ಅವ್ವ ಅವರೊಡನೆ ತೆಲುಗಿಗೆ ಇಳಿದಳು. ಬೈಯುವುದಕ್ಕೆ ಮತ್ತು ಚೌಕಾಶಿಗೆ ತೆಲುಗೇ ಲಾಯಕ್ಕು ಎಂದು ಅವಳ ನಂಬಿಕೆ. ಸಾಬರು ಒಂದೊಂದೇ ಪಾತ್ರೆ ಇಳಿಸಿ ಎಲ್ಲವೂ ಕರೆಂಟ್ ಒಲೆಗೆ ಆಗುತ್ತದೆ ಎಂದು ಆಣೆ ಇಟ್ಟರು. ನಾನು ಅಯಸ್ಕಾಂತ ಹಿಡಿದೆ. ಮೊದಲು ಅದು ಅವರ ತಕ್ಕಡಿಗೆ ಅಂಟಿಕೊಂಡಿತು. ಅದನ್ನು ಬಿಡಿಸಿಕೊಂಡಮೇಲೆ ನೋಡಿದರೆ, ಹಿತ್ತಾಳೆಗೂ ತಾಮ್ರಕ್ಕೂ ಅಲ್ಯೂಮಿನಿಯಂಗೂ ಅದು ಕ್ಯಾರೇ ಅನ್ನಲಿಲ್ಲ.

ಅವ್ವನ ಪರೀಕ್ಷೆಯೇ ಬೇರೆ. ಅವಳು ಯಾವ ಪಾತ್ರೆಯನ್ನೂ ತಿರುಗಿಸಿ ನೋಡಲಿಲ್ಲ. ಕಿವಿಯ ಹತ್ತಿರ ಹಿಡಿದು ಬೆರಳ ಗೆಣ್ಣಿನಿಂದ ಟಕ್ ಎಂದು ಬಡಿಯುವಳು. ಅಯಸ್ಕಾಂತ ಅಂಟಿದ ಸ್ಟೀಲಿನದೊಂದು ಕೊಟ್ಟೆ. “ಇದು ಮೂಗ,” ಎಂದು ವಾಪಸ್ ಕೊಟ್ಟಳು. ದಪ್ಪ ತಳದ್ದು ಕೊಟ್ಟೆ. ಅದಕ್ಕೆ ನೆಗಡಿಯಂತೆ. ನಾನು ಒಪ್ಪಿದ್ದನ್ನು ಅವಳು ಒಪ್ಪಳು, ಅವಳು ಒಪ್ಪಿದ್ದನ್ನು ಅಯಸ್ಕಾಂತ ಒಪ್ಪದು. ಹೀಗೇ ಮಧ್ಯಾಹ್ನವಾಯಿತು, ಸಾಬರು ನಮಾಜಿಗೆ ಹೋಗಿ ಬಂದರೂ ನಾವು ಅಲ್ಲೇ ಇದ್ದೆವು.

ಕೊನೆಗೆ ಅವರು ಬೇಜಾರಿಗೋ ಕನಿಕರಕ್ಕೋ ಅಟ್ಟದಿಂದ ಒಂದು ಹಳೆಯ ಪಾತ್ರೆ ಇಳಿಸಿದರು. ಕಬ್ಬಿಣದ ತಗಡಿಗೆ ಪಿಂಗಾಣಿ ಬಣ್ಣ ಹಾಕಿದ್ದು, ಹಿಡಿ ಇರುವಂಥದ್ದು. ಕಣ್ಣು ಕುಕ್ಕುವ ಗಿಳಿಹಸಿರು, ಹೊಟ್ಟೆಯ ಮೇಲೆ ಎಲೆಕೋಸಿನಷ್ಟು ದೊಡ್ಡ ಗುಲಾಬಿ, ಅಂಚಿನಲ್ಲಿ ಬಣ್ಣ ಹಾರಿ ಕರೀ ಕಲೆ. ಅಯಸ್ಕಾಂತ ಟಪ್ಪೆಂದು ಕಚ್ಚಿತು. ಅವ್ವ ಬಡಿದಳು. ಠಣ್ಣೆಂದಿತು. ಇನ್ನೊಮ್ಮೆ ಬಡಿದು ನಕ್ಕಳು, ನಾಲ್ಕು ದಿನದಲ್ಲಿ ಮೊದಲ ಸಲ.

“ಚೆನ್ನಾಗೈತೇನೇ?” ಎಂದು ನನ್ನನ್ನು ಕೇಳಿದಳು.

ಕೈಯಲ್ಲೇ ಇರುವುದನ್ನು ನನ್ನನ್ನೇಕೆ ಕೇಳುತ್ತಾಳೆ ಅನ್ನಿಸಿತು. ಆದರೂ ಆ ನಗು ಕೆಡಿಸಲು ಮನಸ್ಸಾಗಲಿಲ್ಲ. ಚೆನ್ನಾಗಿದೆ ಎಂದುಬಿಟ್ಟೆ.

ಮರುದಿನ ಬೆಳಿಗ್ಗೆ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡಿದೆ. ನೀರು, ಬೆಲ್ಲ, ಪುಡಿ ಎಲ್ಲವನ್ನೂ ಕೈಯಳತೆಯಲ್ಲೇ ಹಾಕಿದಳು. ಒಲೆಯ ಫ್ಯಾನು ಗುಂಯ್ ಎನ್ನುತ್ತಿತ್ತು, ಈ ಒಲೆಗೆ ದಮ್ಮು ಎಂದು ಗೊಣಗಿದಳು. ಆಮೇಲೆ ಮುಖ ಪಕ್ಕಕ್ಕೆ ತಿರುಗಿಸಿ, ಪಾತ್ರೆಯ ಕಡೆ ಕಿವಿ ಕೊಟ್ಟು, ಹಿಡಿಯ ಮೇಲೆ ಕೈಯಿಟ್ಟು ನಿಂತಳು. ಪಾತ್ರೆ ಸಣ್ಣಗೆ ಹಾಡತೊಡಗಿತು. ಹಾಡು ನಿಂತಿತು. ನೊರೆ ಅಂಚಿಗೆ ಬಂದಾಗ ಸರಿಯಾಗಿ ಇಳಿಸಿದಳು. ಒಮ್ಮೆಯೂ ಅತ್ತ ನೋಡಿರಲಿಲ್ಲ.

ಅತ್ತ ನೋಡದೆ ಯಾಕೆ ನಿಂತೆ ಎಂದು ಕೇಳಿದೆ.

“ನೋಡಿ ಏನ್ಮಾಡ್ಲಿ. ಉಕ್ಕೋದು ನಂಗೆ ಕಾಣಲ್ಲ ಕಣೇ, ಕೇಳುತ್ತೆ.”

ಸೆರಗು, ಸ್ವಿಚ್ಚಿನ ಮೇಲಿನ ಕುಂಕುಮ, ಅಂಗಡಿಯ ಟಕ್ ಟಕ್, ಎಲ್ಲ ಒಟ್ಟಿಗೇ ಹೊಳೆಯಿತು. ಎಷ್ಟು ದಿನದಿಂದ ಎಂದರೆ ಎರಡು ವರ್ಷವಾಗಿರಬಹುದು ಎಂದಳು. ಹೇಳಬಾರದಿತ್ತಾ ಎಂದು ಮತ್ತೆ ರೇಗಿದೆ.

“ಹೇಳಿದ್ರೆ ಒಲೆ ಹತ್ರ ಬಿಡ್ತಿದ್ದೇನು ನೀನು?”

ಬಿಡುತ್ತಿರಲಿಲ್ಲ. ನಾಚಿಕೆಯಾಯಿತು. ಒಂದೇ ಮನೆಯಲ್ಲಿದ್ದು, ಕೈಯಿಂದ ಕೈಗೆ ಲೋಟ ತೆಗೆದುಕೊಳ್ಳುತ್ತಿದ್ದವಳು ನಾನು. ಅವತ್ತಿನ ಕಾಫಿ ಮಾತ್ರ ಬಲು ಚೆನ್ನಾಗಿತ್ತು.

ರಜ ಹಾಕಿ ಕರೆದುಕೊಂಡು ಹೋಗಿ ಕಣ್ಣಿನ ಪೊರೆ ತೆಗೆಸಿದೆ. ಡಾಕ್ಟರು ಒಲೆಯ ಹತ್ತಿರ ಹೋಗಬಹುದು ಎಂದ ದಿನ, ಅವ್ವ ಕಪ್ಪು ಕನ್ನಡಕ ತೆಗೆದಿಟ್ಟು ನೆಟ್ಟಗೆ ಅಡುಗೆಮನೆಗೆ ಹೋದಳು. ಹಿಂದೆಯೇ ಹೋಗಿ ನೋಡಿದರೆ ಆ ಗಿಳಿಹಸಿರು ಪಾತ್ರೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಗುಲಾಬಿಯನ್ನೂ ಕರೀ ಕಲೆಯನ್ನೂ ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಆಮೇಲೆ ನನ್ನನ್ನು ನೋಡಿದಳು.

“ಇದನ್ನ ಚೆನ್ನಾಗೈತೆ ಅಂದ್ಯಲ್ಲೇ,” ಎಂದಳು. “ಅವತ್ತು ನಿನ್ ಕಣ್ಣಿಗೇನಾಗಿತ್ತು?”