ಅರಿಶಿನ ಹಚ್ಚಿದ ಸಂಶೋಧನೆ

ಮೊನ್ನೆ ಅಣ್ಣನ ಮೊಮ್ಮಗಳು ಬಂದಿದ್ದಳು. ಅವಳೂ ಡಾಕ್ಟರೇ. "ಅಜ್ಜಿ, ನಿಮ್ಮ ಪೇಪರ್ ಎಷ್ಟು ಪಬ್ಲಿಷ್ ಆಗಿವೆ? ಸೈಟೇಶನ್ ಎಷ್ಟು, ಅಂದ್ರೆ ಬೇರೆಯವರು ತಮ್ಮ ಬರಹದಲ್ಲಿ ಎಷ್ಟು ಸಲ ನಿಮ್ಮನ್ನ ಹೆಸರಿಸಿದ್ದಾರೆ?" ಎಂದು ಕೇಳಿದಳು. ಒಂದು ಪೇಪರ್, ಒಂದು ಸೈಟೇಶನ್ ಎಂದೆ. ಪಾಪ, ನಗು ತಡೆದುಕೊಂಡಳು. ತಡೆದುಕೊಳ್ಳಲಿ. ಆ ಒಂದಕ್ಕೆ ನಾನು ಪಟ್ಟ ಪಾಡು, ಕುಣಿದ ಕುಣಿತ ಅವಳ ರಾಶಿ ಪೇಪರುಗಳಿಗೆಲ್ಲ ಸೇರಿ ಸಿಕ್ಕಿರಲಾರದು.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಸೊರಬದ ಆಸ್ಪತ್ರೆಯಲ್ಲಿ ಲೇಡಿ ಡಾಕ್ಟರ್. ಹೆರಿಗೆಗೆ ಬರುತ್ತಿದ್ದ ಗದ್ದೆ ಕೆಲಸದ ಹೆಂಗಸರು ಸುಣ್ಣದ ಗೋಡೆಯ ಹಾಗೆ ಬಿಳಚಿಕೊಂಡಿರುತ್ತಿದ್ದರು. ಬರಿಗಾಲಲ್ಲಿ ಕೆಸರು ತುಳಿಯುವಾಗ ಮೈ ಹೊಕ್ಕ ಕೊಕ್ಕೆಹುಳ ಒಳಗೇ ಕೂತು ರಕ್ತ ಹೀರುತ್ತಿತ್ತು. ಹತ್ತಿರದ ಜಡೆ ಎಂಬ ಊರಿನಿಂದ ಬಂದ ಒಬ್ಬಳ ಉಗುರುಗಳಂತೂ ಚಮಚದ ಹಾಗೆ ಗುಳಿ ಬಿದ್ದಿದ್ದವು. ಒಂದು ಹನಿ ನೀರು ಬಿಟ್ಟರೆ ಜಾರದೆ ಅಲ್ಲೇ ನಿಲ್ಲುತ್ತಿತ್ತು. ಅವಳಿಗೆ ಹುಳದ ಔಷಧಿ ಕೊಟ್ಟೆ, ನನ್ನ ತಲೆಗೆ ಹುಳ ಬಿಟ್ಟುಕೊಂಡೆ.

ರಕ್ತ ಪರೀಕ್ಷೆಯ ಅನುಕೂಲ ಇಲ್ಲದ ಕಡೆ ಬರೀ ಉಗುರು ನೋಡಿ ಅಪಾಯ ಗುರುತಿಸಬಹುದೇ? ಬಂದ ಹೆಂಗಸರ ಕೈಯನ್ನೆಲ್ಲ ಹಿಡಿದು ನೋಡಿದೆ. ಜಡೆಯವಳ ಎರಡೂ ಕೈಗಳ ಫೋಟೋ ತೆಗೆಸಿ, ಲೇಖನ ಬರೆದು ಮದರಾಸಿನ ಒಂದು ವೈದ್ಯಕೀಯ ಪತ್ರಿಕೆಗೆ ಕಳಿಸಿದೆ. "ಹೆರಿಗೆ ಮಾಡಿಸ್ಕೊಂಡು ಇದ್ರೆ ಸಾಕಮ್ಮ, ಇದನ್ನೆಲ್ಲ ಯಾರು ಓದ್ತಾರೆ?" ಎಂದು ಹಿರಿಯ ಡಾಕ್ಟರೊಬ್ಬರು ನಕ್ಕಿದ್ದರು. ಆ ಮಾತು ಒಳಗೆ ಮುರಿದ ಮುಳ್ಳಾಗಿ ಉಳಿದಿತ್ತು. ಯಾವ ಊರಿನವರಾದರೂ ಸರಿ, ಒಬ್ಬರಾದರೂ ನಿನ್ನದನ್ನು ಓದಿದೆ ಎನ್ನಲಿ ಎಂದು ಹಟ ಹಿಡಿದು ಕಾದೆ.

ಲೇಖನ ಅಚ್ಚಾಯಿತು! ಪತ್ರಿಕೆಯವರು ಅದರ ಬಿಡಿ ಪ್ರತಿಗಳ ಒಂದು ಕಟ್ಟು ಕಳಿಸಿದರು. ಅದೇ ವಾರ ಜಡೆಯವಳು ಮಗುವನ್ನು ತೋರಿಸಲು ಬಂದಿದ್ದಳು. ಕೈ ಅವಳದೇ ಅಲ್ಲವೇ ಎಂದು ಮೊದಲ ಪ್ರತಿ ಅವಳಿಗೇ ಕೊಟ್ಟೆ. ಉಳಿದದ್ದನ್ನು ಹೊತ್ತುಕೊಂಡು ಶಿರಾಳಕೊಪ್ಪಕ್ಕೆ ಹೋಗಿ ಅಪ್ಪನ ಮುಂದಿಟ್ಟೆ. ಅಪ್ಪನದು ಅಲ್ಲಿ ಬೆಲ್ಲದ ಅಂಗಡಿ. ಇಂಗ್ಲಿಷ್ ಬಾರದಿದ್ದರೂ ನನ್ನ ಹೆಸರಿನ ಮೇಲೆ ಬೆರಳಾಡಿಸಿ, "ಇವು ಇಲ್ಲೇ ಇರ್ಲಿ. ಸಂತಿ ದಿನ ನಾಕ ಮಂದಿಗೆ ತೋರಿಸ್ತೀನಿ," ಅಂದ. ಅವನ ಸಂಭ್ರಮ ನೋಡಿ ಇಡೀ ಕಟ್ಟನ್ನೇ ಬಿಟ್ಟು ಬಂದೆ.

ಕೆಲವು ತಿಂಗಳ ಮೇಲೆ ಇಂಗ್ಲೆಂಡಿನಿಂದ ನನಗೊಂದು ಕಾರ್ಡು ಬಂತು. ಅಲ್ಲಿನ ಪ್ರೊಫೆಸರೊಬ್ಬರು ರಕ್ತದ ಕಾಯಿಲೆಗಳ ಮೇಲೆ ಪುಸ್ತಕ ಬರೆಯುತ್ತಿದ್ದರು. ನನ್ನ ಲೇಖನದ ತಲೆಬರಹ ಎಲ್ಲೋ ಕಂಡಿತ್ತಂತೆ, ಆದರೆ ಅವರ ಗ್ರಂಥಾಲಯಕ್ಕೆ ಆ ಪತ್ರಿಕೆ ಬರುತ್ತಿರಲಿಲ್ಲವಂತೆ. ಒಂದು ಪ್ರತಿ ಬೇಕು, ಮುಖ್ಯವಾಗಿ ಉಗುರಿನ ಚಿತ್ರ ಬೇಕು, ಪುಸ್ತಕ ಅಚ್ಚಿಗೆ ಹೋಗುವ ಮೊದಲೇ ಬೇಕು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕಾರ್ಡನ್ನು ನರ್ಸಿಗೆ ಓದಿದೆ, ಕಾಂಪೌಂಡರಿಗೆ ಓದಿದೆ, ಹೊಟ್ಟೆನೋವಿಗೆ ಬಂದಿದ್ದ ಶಾನುಭೋಗರಿಗೂ ಬಿಡದೆ ಓದಿ, ರಜೆ ಬರೆದಿಟ್ಟು ಶಿರಾಳಕೊಪ್ಪದ ಬಸ್ಸು ಹತ್ತಿದೆ.

ಅಂಗಡಿ ಮೆಟ್ಟಿಲಲ್ಲೇ ಕೂಗಿದೆ, "ಅಪ್ಪಾ, ನನ್ನ ಪತ್ರಿಕೆ!"

"ಹಂಚೋದು ಮುಗದೈತಿ. ನಾಕೈದು ಉಳದಾವು ನೋಡು," ಎಂದು ಅಪ್ಪ ಗಲ್ಲಾಪೆಟ್ಟಿಗೆಯ ಹಿಂದಿನಿಂದ ತೆಗೆದುಕೊಟ್ಟ. ನಾಲ್ಕೂ ಮೂಲೆಗೆ ಅರಿಶಿನ ಕುಂಕುಮ! ಲಗ್ನಪತ್ರಿಕೆಗೆ ಹಚ್ಚಿದ ಹಾಗೆ ಹಚ್ಚಿದ್ದ.

"ಮಗಳ ಪತ್ರಿಕಿ ಅಂದಮ್ಯಾಲೆ ಅರಿಶಿನ ಹಚ್ಚದ ಕೊಡೂದ್ ಹೆಂಗ?" ಎಂದು ನನ್ನನ್ನೇ ಕೇಳಿದ. ಶಿಕಾರಿಪುರದ ಸೋದರತ್ತೆಗೂ ಒಂದು ತಲುಪಿತ್ತು. ಆಕೆ ಅದನ್ನು ಹಿಂದೆ ಮುಂದೆ ತಿರುವಿ, "ಹುಡುಗನ ಹೆಸರು ಎಲ್ಲೈತಿ?" ಎಂದು ಹೇಳಿ ಕಳಿಸಿದ್ದಳಂತೆ.

ನಗು ಬಂದರೂ ನಗುವ ಹೊತ್ತಾಗಿರಲಿಲ್ಲ. ಪ್ರತಿ ಬಿಡಿಸಿದೆ. ಚಿತ್ರದ ಹಾಳೆಯೇ ಇಲ್ಲ. ಇನ್ನೊಂದು ಬಿಡಿಸಿದೆ. ಅದರಲ್ಲೂ ಇಲ್ಲ.

"ಅವನ್ನ ಹರದು ಬಚ್ಚಲ ಒಲಿಗೆ ಹಾಕೀನಿ," ಅಂದ ಅಪ್ಪ. "ಶುಭದ ಕಾಗದದಾಗ ಅಂಥಾ ಹೆಣದ ಕೈ ಯಾಕವ್ವ?"

ಗಿರಾಕಿಗಳ ಎದುರಿಗೇ ಕೂಗಾಡಿಬಿಟ್ಟೆ. ಓದುವವನೊಬ್ಬ ಏಳು ಸಮುದ್ರದ ಆಚೆ ಸಿಕ್ಕಿದ್ದಾನೆ, ಅವನು ಕೇಳಿದ ಚಿತ್ರವನ್ನೇ ನೀನು ನೀರು ಕಾಯಿಸಲು ಉರಿಸಿದೆಯಾ? ಅಪ್ಪ ಎದ್ದ. ರುಮಾಲು ಸುತ್ತಿಕೊಂಡು, ಅಂಗಡಿ ಆಳಿಗೆ ಒಪ್ಪಿಸಿ, "ಇಡೀ ಪ್ರತಿ ಯಾರ ಹತ್ರ ಐತಿ, ನಡಿ," ಅಂದ. ಮದರಾಸಿಗೆ ಬರೆದು ತರಿಸುವಷ್ಟು ಹೊತ್ತಿರಲಿಲ್ಲ; ಇಡೀ ಪ್ರತಿ ಇದ್ದದ್ದು ಒಬ್ಬಳ ಹತ್ತಿರ ಮಾತ್ರ. ಇಬ್ಬರೂ ಜಡೆಗೆ ಹೊರಟೆವು.

ಅವಳು ಕಣದಲ್ಲಿ ಭತ್ತ ತೂರುತ್ತಿದ್ದಳು. ವಿಷಯ ಹೇಳಿದ ಕೂಡಲೇ ಮೊರ ಬಿಟ್ಟು ಒಳಗೆ ಓಡಿ, ಟ್ರಂಕಿನಲ್ಲಿ ಹೊಸ ಸೀರೆಯ ಮಡಿಕೆಯೊಳಗೆ ಇಟ್ಟಿದ್ದ ಪ್ರತಿ ತಂದಳು. ಚಿತ್ರ ಇತ್ತು! ನಾನು ಕೈ ಚಾಚಿದೆ. ಅವಳು ಬಿಡಲಿಲ್ಲ.

"ಇದನ್ನ ಹಿಂಗೇ ಕಳಿಸ್ತೀರಾ ಡಾಕ್ಟ್ರಮ್ಮ?"

"ಮತ್ತೆ ಹೆಂಗೆ?"

"ಈ ಕೈ ನೋಡಿದ್ರೆ ಅಲ್ಲಿಯವ್ರು ಏನಂದ್ಕೊಳಲ್ಲ? ಇವ್ಳು ಸತ್ತೋಗಿರ್ಬೇಕು ಅಂದ್ಕೊಳ್ತಾರೆ. ನಾ ಬದುಕಿದೀನಿ ಅಂತ ಇದ್ರಲ್ಲಿ ಎಲ್ಲಿ ಬರ್ದಿದೀರಿ, ತೋರ್ಸಿ."

ತೋರಿಸಲು ಏನೂ ಇರಲಿಲ್ಲ. ನನ್ನ ಲೇಖನ ಉಗುರು ಗುರುತಿಸುವಲ್ಲಿಗೆ ಮುಗಿದಿತ್ತು. ನಾನು ವಾದಕ್ಕೆ ಇಳಿಯುವಷ್ಟರಲ್ಲಿ ಅಪ್ಪ ನಡುವೆ ಬಾಯಿ ಹಾಕಿದ. "ಆಕಿ ಹೇಳೂದು ಖರೆ ಐತಿ. ನಾನೂ ಹಂಗ ತಿಳದಿದ್ದೆ."

ಅವಳ ಮನೆಯ ಜಗುಲಿಯ ಮೇಲೇ ಕೂತು ಪ್ರೊಫೆಸರಿಗೆ ಕಾಗದ ಬರೆದೆ. ಚಿತ್ರದಲ್ಲಿರುವ ಕೈಗಳ ಒಡತಿ ಬದುಕಿದ್ದಾಳೆ, ಔಷಧಿಯಿಂದ ಉಗುರು ಮೊದಲಿನ ಹಾಗಾಗಿವೆ, ಈ ಸಲದ ನಾಟಿಯನ್ನೂ ಮಾಡಿದ್ದಾಳೆ, ಮಗು ಗುಂಡುಗುಂಡಾಗಿದೆ. ಮುಗಿಸುವ ತನಕ ಅವಳು ತಲೆಯ ಮೇಲೇ ನಿಂತು "ಬರೆದ್ರಾ? ಬದುಕಿದೀನಿ ಅಂತ ಬರೆದ್ರಾ?" ಎಂದು ಕೇಳುತ್ತಲೇ ಇದ್ದಳು. ಪ್ರತಿ ಕೈಗೆ ಬಂದದ್ದು ಆಮೇಲೆ. ಮರುದಿನವೇ ಸೊರಬದ ಅಂಚೆಯಲ್ಲಿ ವಿಮಾನದ ಟಪಾಲಿಗೆ ಹಾಕಿದೆ.

ಆಮೇಲೆ ಶುರುವಾಯಿತು ಕಾಯುವ ಕೆಲಸ. ಪೋಸ್ಟ್‌ಮ್ಯಾನ್ ನನ್ನನ್ನು ಕಂಡರೆ ದೂರದಿಂದಲೇ ಇಲ್ಲ ಎಂದು ಕೈ ಆಡಿಸುತ್ತಿದ್ದ. ಕೊನೆಗೊಂದು ದಿನ ಅವನು ಕೈ ಆಡಿಸದೆ ಓಡಿಬಂದ. ದಪ್ಪ ಪುಸ್ತಕ! ಹಿಂದಿನ ಪುಟಗಳ ಹೆಸರಿನ ಸಾಲಿನಲ್ಲಿ, ಇರುವೆಯಂಥ ಅಕ್ಷರದಲ್ಲಿ ನಾನಿದ್ದೆ. ನಾನು ಹಾಕಿದ ಕೂಗಿಗೆ ಹಾವು ಬಂತೆಂದು ನರ್ಸು ದೊಣ್ಣೆ ಹಿಡಿದು ಬಂದಳು. ಅವಳನ್ನೇ ತಬ್ಬಿಕೊಂಡೆ. ಯಾರು ಓದ್ತಾರೆ ಎಂದವರಿಗೆ ಈಗ ಒಂದು ಉತ್ತರ ಇತ್ತು.

ಪುಟ ಹುಡುಕಿ ಓದಿದೆ. ಉಗುರಿನ ಬಗ್ಗೆ ನಾನು ಕಷ್ಟಪಟ್ಟು ಹೇಳಿದ್ದ ಒಂದು ಮಾತನ್ನೂ ಪ್ರೊಫೆಸರು ಎತ್ತಿರಲಿಲ್ಲ. ಎತ್ತಿದ್ದು ಜಗುಲಿಯ ಮೇಲೆ ಬರೆದ ಕಾಗದವನ್ನು. ಇರಲಿ ಬಿಡಿ, ಹೆಸರು ನನ್ನದೇ! ಭಾನುವಾರ ಪುಸ್ತಕ ಬಗಲಲ್ಲಿಟ್ಟು ಜಡೆಗೆ ಹೋದೆ.

"ನಿಮ್ಮ ಹೆಸರು ಆಮೇಲೆ ತೋರ್ಸೀರಂತೆ. ನಾ ಬದುಕಿದ್ದು ಎಲ್ಲಿ ಬರ್ದಿದೆ?" ಅಂದಳು.

ಓದಿ ಹೇಳಿದೆ: ಇಂಥ ಉಗುರುಗಳಿದ್ದ ಭಾರತದ ಗದ್ದೆ ಕೆಲಸದ ಹೆಂಗಸೊಬ್ಬಳು ಪೂರ್ತಿ ಗುಣವಾಗಿ ಬದುಕಿದ್ದಾಳೆ. ಅವಳು ಆ ಸಾಲನ್ನು ಎರಡನೇ ಸಲ ಓದಿಸಿದಳು. ಮುಖ ಅರಳಿತು.

"ನೀವು ಬೆರಳು ನಿಲ್ಲಿಸಿದ ಕಡೆ ಇದೇನೋ ಕೊಕ್ಕೆ ಥರ ಹಾಕಿದಾರಲ್ಲ?"

"ಅದು ಕಂಸ, ಒಳಗಿರೋದು ನನ್ನ ಹೆಸರು. ಈ ಮಾತು ಹೇಳಿದ್ದು ಯಾರು ಅಂತ ಓದಿದವ್ರಿಗೆ ಗೊತ್ತಾಗ್ಲಿ ಅಂತ ಹಾಕ್ತಾರೆ."

ಅವಳು ಪುಸ್ತಕದಿಂದ ತಲೆ ಎತ್ತಿದಳು. "ಹೇಳಿದ್ದು ನಾನಲ್ವಾ ಡಾಕ್ಟ್ರಮ್ಮ?"

ಜೋರಾಗಿ ನಕ್ಕುಬಿಟ್ಟೆ. ನಗುತ್ತಲೇ ಪೆನ್ನು ತೆಗೆದೆ. ಕಂಸದೊಳಗೆ ಜಾಗ ಇರಲಿಲ್ಲ. ನನ್ನ ಹೆಸರಿನ ಮೇಲೆ ಕನ್ನಡದಲ್ಲಿ ಅವಳ ಹೆಸರು ಬರೆದೆ.