ಶನಿವಾರದ ಬಗ್ಗೆ ಒಂದು ಸಭೆ

ಮೊನ್ನೆ ವಿರಾಜಪೇಟೆ ಬಸ್ಸಿನಲ್ಲಿ ಹಿಂದಿನ ಸೀಟಿನವರು ಯಾರೋ ನೋವಿನ ಮುಲಾಮಿನ ಡಬ್ಬಿ ತೆರೆದರು. ನಿಮಗೂ ಗೊತ್ತಿರುವ ವಾಸನೆಯೇ. ನನಗೆ ಜಾನಕಮ್ಮನ ನೆನಪಾಯಿತು.

ಬಿಟ್ಟಂಗಾಲದ ಹತ್ತಿರ ಒಂದು ಕಾಫಿ ತೋಟದಲ್ಲಿ ನಾನು ರೈಟರು. ರೈಟರೆಂದರೆ ಸಾಹಿತಿಯಲ್ಲ, ಆಳುಗಳ ಹಾಜರಿ ಬರೆಯುವವನು. ಹೊಸಬರ ಮುಂದೆ ಈ ಎರಡನೆಯ ವಾಕ್ಯವನ್ನು ನಾನು ತುಸು ತಡಮಾಡಿ ಹೇಳುವುದುಂಟು. ಜಾನಕಮ್ಮ ಅದೇ ತೋಟದ ಲೈನ್ ಮನೆಯಲ್ಲಿ, ಎಂದರೆ ಆಳುಗಳ ಸಾಲುಮನೆಯಲ್ಲಿ ಇರುವ, ಕಾಫಿ ಹಣ್ಣು ಕೊಯ್ಯುವ ಹೆಂಗಸು. ಯೂನಿಯನ್ನಿನ ಪರವಾಗಿ ಮಾತಾಡುವವರು.

ಕೆಲವು ವರ್ಷಗಳ ಹಿಂದೆ, ವಾರದ ಕೆಲಸವನ್ನು ಆರು ದಿನದಿಂದ ಐದಕ್ಕೆ ಇಳಿಸಬಹುದೇ ಎಂದು ಕೇಳಲು ಸರ್ಕಾರ ಮಡಿಕೇರಿಯಲ್ಲಿ ಸಭೆ ಕರೆದಿತ್ತು. ಒಂದು ಬದಿ ಮಾಲೀಕರು, ಎದುರು ಬದಿ ಯೂನಿಯನ್ನಿನವರು, ನಡುವೆ ಅಧಿಕಾರಿ. ನಮ್ಮ ಸಾವ್ಕಾರ್ರು ನನ್ನನ್ನೂ ಕರೆದೊಯ್ದರು. "ಶನಿವಾರ ನಿಲ್ಸಿದ್ರೆ ಹಣ್ಣು ಗಿಡದಲ್ಲೇ ಒಣಗ್ತದೆ ಅಂತ ನೀವು ಹೇಳಿ. ಹಾಜರಿ ನೋಡುವವರು ನೀವಲ್ವಾ?"

ಅಧಿಕಾರಿ ಮೊದಲು ಜಾನಕಮ್ಮನನ್ನು ಕೇಳಿದರು: "ಶನಿವಾರ ರಜೆ ಸಿಕ್ಕಿದ್ರೆ ಏನು ಮಾಡ್ತೀರಮ್ಮ?"

"ಮಲಗ್ತೇನೆ ಸಾರ್."

ಸಭೆಯೆಲ್ಲ ನಕ್ಕಿತು. ನಾನೂ ನಕ್ಕೆ. ನಗು ನಿಲ್ಲುವ ತನಕ ಜಾನಕಮ್ಮ ಕಾದು ನಿಂತರು. "ಭಾನುವಾರ ಬಟ್ಟೆ ಒಗೀಬೇಕು, ಸೌದೆ ತರ್ಬೇಕು, ಪೇಟೆಗೆ ಹೋಗ್ಬೇಕು. ಮಲಗ್ಲಿಕ್ಕೆ ಅಂತ ದಿನ ಇಲ್ಲ ಸಾರ್" ಎಂದು ಕುಳಿತುಬಿಟ್ಟರು.

ನನ್ನ ಸರದಿ ಬಂದಾಗ ಸಾವ್ಕಾರ್ರ ಮಾತನ್ನು ಅಕ್ಷರ ಬಿಡದೆ ಒಪ್ಪಿಸಿದೆ. ಅಧಿಕಾರಿ ಬರೆದುಕೊಂಡರು. ಜಾನಕಮ್ಮನ ಮಾತನ್ನು ಅವರು ಬರೆದುಕೊಂಡದ್ದನ್ನು ನಾನು ಕಾಣಲಿಲ್ಲ.

ಸಾವ್ಕಾರ್ರು ಊಟಕ್ಕೆ ಉಳಿದರು. ನಾನು ಬಸ್ಸು ಹತ್ತಿದೆ. ಖಾಲಿ ಇದ್ದದ್ದು ಜಾನಕಮ್ಮನ ಪಕ್ಕದ ಸೀಟು ಮಾತ್ರ. ಅವರು ಭುಜಕ್ಕೆ ಮುಲಾಮು ತಿಕ್ಕಿಕೊಳ್ಳುತ್ತಾ, ಸಿಟ್ಟಿಲ್ಲದೆ ಕೇಳಿದರು: "ಶನಿವಾರ ಮಧ್ಯಾಹ್ನದ ಮೇಲೆ ನಾವು ಎಷ್ಟು ಕೊಯ್ತೇವೆ ಅಂತ ನಿಮಗೆ ಗೊತ್ತುಂಟಲ್ಲ ರೈಟರೇ?"

ಗೊತ್ತಿತ್ತು. ಅಷ್ಟು ಹೊತ್ತಿಗೆ ಕೈ ಮೇಲೇಳುವುದಿಲ್ಲ, ಚೀಲ ಅರ್ಧವೂ ತುಂಬುವುದಿಲ್ಲ. ಕಂಡಕ್ಟರನನ್ನು ಕರೆದು ಚಿಲ್ಲರೆ ಎಣಿಸಿ ಕೊಟ್ಟೆ. ಮೂರ್ನಾಡು ದಾಟುವಷ್ಟರಲ್ಲಿ ಅವರಿಗೆ ನಿದ್ದೆ ಹತ್ತಿತ್ತು. ತಿರುವು ತಿರುವಿಗೂ ತಲೆ ಕಿಟಕಿಯ ಕಂಬಿಗೆ ಬಡಿಯುತ್ತಿತ್ತು, ಎಚ್ಚರವಾಗಲಿಲ್ಲ.

ಮೂರು ದಿನ ಒದ್ದಾಡಿ ಸಾವ್ಕಾರ್ರ ಮುಂದೆ ಹೋಗಿ ನಿಂತೆ. "ಸಾರ್, ಅವತ್ತು ನಾನು ಹೇಳಿದ್ದು ಸರಿಯಲ್ಲ." ಇದ್ದದ್ದನ್ನು ಹೇಳಿದೆ.

"ಅಲ್ಲೇ ಹೇಳ್ಬಹುದಿತ್ತಲ್ಲ?"

"ಧೈರ್ಯ ಬರ್ಲಿಲ್ಲ."

"ಪಿಕಿಂಗ್ ಮುಗೀಲಿ, ನೋಡುವ."

'ನೋಡುವ' ಎಂದರೆ ಆಗುವುದಿಲ್ಲ ಎಂದೇ ನಾನು ತಿಳಿದಿದ್ದೆ. ಸರ್ಕಾರದ ಆದೇಶವಂತೂ ಬರಲೇ ಇಲ್ಲ. ಆದರೆ ಪಿಕಿಂಗ್, ಎಂದರೆ ಹಣ್ಣಿನ ಕೊಯ್ಲು, ಮುಗಿದ ಮೇಲೆ ಸಾವ್ಕಾರ್ರು ಶನಿವಾರದ ಕೆಲಸವನ್ನು ಮಧ್ಯಾಹ್ನಕ್ಕೇ ನಿಲ್ಲಿಸಿದರು. ಪಿಕಿಂಗ್ ತಿಂಗಳುಗಳಲ್ಲಿ ಮಾತ್ರ ಹಿಂದಿನಂತೆಯೇ ಪೂರ್ತಿ ಆರು ದಿನ. ನಾನು ಬೀಗುತ್ತಾ ಲೈನಿಗೆ ಹೋಗಿ ಸುದ್ದಿ ಹೇಳಿದೆ. ಜಾನಕಮ್ಮ ಸಂತೋಷಪಟ್ಟರು. ಆಮೇಲೆ, "ಆದ್ರೆ ರೈಟರೇ, ಕೈ ನೋಯುವುದು ಪಿಕಿಂಗಿನಲ್ಲೇ ಅಲ್ವಾ?" ಎಂದರು.

ಈಗ ಮತ್ತೆ ಅಂಥದೇ ಸಭೆಯ ಕಾಗದ ಬಂದಿದೆ. "ನಾನು ಬಂದ್ರೆ ಕಂಡದ್ದನ್ನೇ ಹೇಳುವುದು ಸಾರ್" ಎಂದೆ. "ಹಾಗಾದ್ರೆ ನೀವು ಬರುವುದು ಬೇಡ" ಎಂದರು ಸಾವ್ಕಾರ್ರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಇಂಥ ಸಭೆಗಳು ಅವರಿಗೂ ಸಾಕಾಗಿರಬೇಕು. ನಾನಾಗಿಯೇ ಹೋಗುವುದೆಂದು ಆ ದಿನಕ್ಕೆ ರಜೆ ಬರೆದುಕೊಟ್ಟು ಬಂದಿದ್ದೇನೆ. ಅಲ್ಲಿ ಯಾವ ಬದಿಯಲ್ಲಿ ಕೂರಬೇಕೋ ತಿಳಿಯದು, ರೈಟರಿಗೆಂದು ಯಾರೂ ಕುರ್ಚಿ ಹಾಕುವುದಿಲ್ಲ. ನಿಂತುಕೊಂಡೇ ಹೇಳಿದರಾಯಿತು.