ನಮ್ಮ ಮನೆಗೆ ಅರ್ಥಿಂಗ್ ಇರಲಿಲ್ಲ

ಮನೆಯೊಳಗೆ ಚಪ್ಪಲಿ ಮೆಟ್ಟಿ ತಿರುಗುವವರನ್ನು ಕಂಡರೆ ನಿಮಗೆ ಹೇಗನ್ನಿಸುತ್ತದೋ ಕಾಣೆ. ನನ್ನ ಹೆಂಡತಿ ಮಹಾನಂದಾಳಿಗಂತೂ ಮೈ ಉರಿಯುತ್ತದೆ. ಆದರೆ ಹಿಮ್ಮಡಿ ನೋವಿಗೆ ವೈದ್ಯರೇ ವಿಧಿಸಿದ ಪಾದರಕ್ಷೆಯಾದ್ದರಿಂದ, ಬೀದರಿನ ನಮ್ಮ ಪುಟ್ಟ ಮನೆಯಲ್ಲಿ ದೇವರ ಕೋಣೆಯೊಂದನ್ನು ಬಿಟ್ಟು ಉಳಿದೆಲ್ಲ ಪ್ರದೇಶಗಳಲ್ಲಿ ನನ್ನ ರಬ್ಬರ್ ಚಪ್ಪಲಿಗಳಿಗೆ ಮುಕ್ತ ಸಂಚಾರದ ಪರವಾನಗಿ ದೊರೆತಿತ್ತು. ಈ ಕ್ಷುಲ್ಲಕ ಸೌಲಭ್ಯ ನನ್ನನ್ನು ವಾರಗಟ್ಟಲೆ ಮೂರ್ಖನನ್ನಾಗಿ ಮಾಡಿತ್ತು ಎಂದರೆ ನೀವು ನಂಬಬೇಕು.

ಮಳೆ ಮತ್ತೆ ಕೈಕೊಟ್ಟಿದ್ದ ವರ್ಷ ಅದು. ಔರಾದ ಕಡೆಯಿಂದ ಬರುವ ಬಸ್ಸುಗಳಲ್ಲಿ ಜನಕ್ಕಿಂತ ಗಂಟುಮೂಟೆಗಳೇ ಹೆಚ್ಚಾಗಿದ್ದವು. ಅವುಗಳ ದಿಕ್ಕು ಪುಣೆ, ಇಲ್ಲವೇ ಹೈದರಾಬಾದು. ನಮ್ಮ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದ ಸುಜಾತಾ ಕೂಡ ಔರಾದ ಹತ್ತಿರದ ಹಳ್ಳಿಯವಳೇ. ಗಂಡ ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದ. ಕೋಣೆಗೆ ಕೀಲಿ ಹಾಕಿ ಮಗಳು ಪಾರಿಯನ್ನು ಕರೆದುಕೊಂಡು ಬಂದುಬಿಡು ಎಂದು ಪ್ರತಿ ವಾರ ಫೋನು ಮಾಡುತ್ತಿದ್ದ. ಹೋದರೆ ತಗಡಿನ ಜೋಪಡಿ, ಪಾರಿಯ ಸಾಲೆಗೆ ಮುಕ್ತಾಯ. ಸುಜಾತಾ ಕನ್ನಡ ಟೈಪಿಂಗ್ ಕಲಿತಿದ್ದಳು. ಭಾಲ್ಕಿಯ ಒಂದು ಮುದ್ರಣಾಲಯದವರು ಶಾಲೆಗಳ ಪ್ರಶ್ನೆಪತ್ರಿಕೆಗಳನ್ನು ಟೈಪು ಮಾಡಲು ಅವಳಿಗೆ ಕೊಡತೊಡಗಿದ್ದರು. ಆ ಕೆಲಸ ನಿಂತರೆ ಅವಳು ಹೊರಡಬೇಕು, ನಡೆದರೆ ಉಳಿಯಬಹುದು. ಅದು ನಡೆಯಬೇಕಾದದ್ದು ನಮ್ಮ ಮನೆಯ ವಯೋವೃದ್ಧ ಕಂಪ್ಯೂಟರಿನ ಮೇಲೆ.

"ಸರ್, ಇದು ಝಟಕಾ ಹೊಡಿತದರಿ" ಎಂದು ಅವಳು ಹೇಳಿದಾಗಲೆಲ್ಲ ಕರೆಂಟು ಹೊಡೆಯುತ್ತದೆಯೇ ಎಂದು ನಾನು ಕಂಪ್ಯೂಟರಿನ ಕಬ್ಬಿಣದ ಡಬ್ಬಿಯನ್ನು ಮುಟ್ಟಿ ನೋಡುತ್ತಿದ್ದೆ. ಏನೂ ಇಲ್ಲ. ನಿವೃತ್ತ ಕನ್ನಡ ಅಧ್ಯಾಪಕನಿಗೆ ಯಂತ್ರಜ್ಞಾನ ಅಷ್ಟಕ್ಕಷ್ಟೇ ಆದರೂ ಆತ್ಮವಿಶ್ವಾಸಕ್ಕೆ ಬರವಿರಲಿಲ್ಲ. ಡಬ್ಬಿಯ ಹೊಟ್ಟೆ ಬಿಚ್ಚಿ ಧೂಳು ಜಾಡಿಸಿದೆ. ಮೆಮೊರಿಯ ಪಟ್ಟಿಯನ್ನು ಕಿತ್ತು ಪಾರಿಯ ರಬ್ಬರಿನಿಂದ ತಿಕ್ಕಿ ಮತ್ತೆ ಸಿಕ್ಕಿಸಿದೆ. ಇಷ್ಟು ಸಾಲದೆಂದು ಪವರ್ ಸೆಟ್ಟಿಂಗಿಗೆ ಹೋಗಿ, ಯಾರೂ ಮುಟ್ಟದಿದ್ದರೆ ಯಂತ್ರ ಬೇಗ ನಿದ್ರೆಗೆ ಜಾರಲಿ, ಕರೆಂಟು ಉಳಿಯಲಿ ಎಂದು ವ್ಯವಸ್ಥೆ ಮಾಡಿದೆ. ಈ ನಿದ್ರಾದಾನವೇ ಮುಳುವಾಯಿತು. ಯಾರೋ ಮೇಷ್ಟ್ರ ಬ್ರಹ್ಮಲಿಪಿಯನ್ನು ಸುಜಾತಾ ಬಿಡಿಸಿ ಓದುತ್ತಿರುವಾಗ ಪರದೆ ಕತ್ತಲಾಯಿತು. ಯಂತ್ರ ಬಂದ್ ಆಯಿತೆಂದು ಗಾಬರಿಯಾಗಿ, ಝಟಕಾದ ಭಯಕ್ಕೆ ಬೆರಳು ಬಿಟ್ಟು ಪೆನ್ಸಿಲಿನಿಂದ ಪವರ್ ಗುಂಡಿಯನ್ನು ಒತ್ತಿ ಹಿಡಿದಳು. ಮಲಗಿದ್ದ ಯಂತ್ರ ನಿಜಕ್ಕೂ ಬಂದ್ ಆಗಿ, ಅರ್ಧ ಟೈಪಾಗಿದ್ದ ವಿಜ್ಞಾನದ ಪತ್ರಿಕೆ ಮಾಯವಾಯಿತು. ಸೋಮವಾರ ಕೈಸೇರದಿದ್ದರೆ ಕೆಲಸ ಬೇರೆಯವರಿಗೆ ಎಂದು ಭಾಲ್ಕಿಯವರು ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದರು. ಸುಜಾತಾ ಅಳಲಿಲ್ಲ, ಪಾರಿಯ ಅಂಗಿಗಳನ್ನು ಮಡಚಲು ಶುರು ಮಾಡಿದಳು. ಅದನ್ನು ನೋಡಿ ನನಗೆ ಸಂಕಟವಾಯಿತು.

ನಿದ್ರೆಯ ಸೆಟ್ಟಿಂಗನ್ನು ತೆಗೆದುಹಾಕಿದೆ, ಅದು ಸುಲಭ. ಝಟಕಾ ಮಾತ್ರ ಅವಳ ಭ್ರಮೆಯೆಂದು ನಾನು ಉಪನ್ಯಾಸ ಆರಂಭಿಸಿದಾಗ ಅಡುಗೆಮನೆಯಿಂದ ಮಹಾನಂದಾ ಹೇಳಿದಳು: "ಆ ಚಪ್ಪಲ್ ಬಿಚ್ಚಿ ಒಮ್ಮಿ ಮುಟ್ರಿ, ಗೊತ್ತಾಗ್ತದ."

ಬಿಚ್ಚಿ ಮುಟ್ಟಿದೆ. ಮೊಣಕೈವರೆಗೆ ಜುಮ್ಮೆಂದಿತು. ಸುಜಾತಾ ಓದುಬರಹದ ಯಾವ ವಸ್ತುವಿನ ಮುಂದೆಯೂ ಚಪ್ಪಲಿ ಹಾಕಿ ಕೂರುವವಳಲ್ಲ. ಕೀಲಿಮಣೆಯನ್ನು ಕಣ್ಣಿಗೆ ಒತ್ತಿಕೊಂಡೇ ಕೆಲಸ ಆರಂಭಿಸುವವಳು. ಬರಿಗಾಲಲ್ಲಿದ್ದವಳಿಗೆ ತಿಳಿದದ್ದು ರಬ್ಬರಿನ ಮೇಲೆ ನಿಂತವನಿಗೆ ಹೇಗೆ ತಿಳಿಯಬೇಕು? ನಾಚಿಕೆಯಾಯಿತು.

ವೈರಿಂಗಿನ ರಶೀದಭಾಯಿಯನ್ನು ಕರೆಸಿದೆ. ಅವರು ಭೂಮಿಗೆ ತಂತಿ ಇಳಿಸಲೆಂದು ತೋಡಿದ್ದ ಹಿತ್ತಲಿನ ಗುಂಡಿಯ ಮುಚ್ಚಳ ಎತ್ತಿ ನೋಡಿ, "ಅರ್ಥಿಂಗೇ ಇಲ್ಲರಿ ಸರ್ ನಿಮ್ಮ ಮನಿಗಿ" ಎಂದರು. ಜೀವನವಿಡೀ ಪದ್ಯಗಳಿಗೆ ಅರ್ಥ ಹೇಳಿ ಸಂಬಳ ತಿಂದವನ ಮನೆಗೇ ಅರ್ಥವಿಲ್ಲವೆಂದರೆ ಹೇಗಾಗಬೇಡ? ಸೋರಿದ ವಿದ್ಯುತ್ತನ್ನು ನೆಲ ಕುಡಿಯಬೇಕಂತೆ. ನೆಲದಲ್ಲಿ ಪಸೆಯಿದ್ದರೆ ಮಾತ್ರ ಕುಡಿಯುತ್ತದಂತೆ. ನಮ್ಮ ಕೆಂಪು ನೆಲ ಒಣಗಿ ಇಟ್ಟಿಗೆಯಾಗಿತ್ತು. ಅವರು ತಂತಿ ಬಿಗಿದು, ಉಪ್ಪು ಇದ್ದಿಲು ತುಂಬಿ, "ದಿನಾ ಎರಡ್ ಕೊಡ ನೀರ್ ಹಾಕ್ರಿ" ಎಂದರು.

"ಕುಡಿಲಾಕ ನೀರಿಲ್ಲ, ಕಂಪ್ಯೂಟರಿಗಿ ಎಲ್ಲಿಂದ ತರ್ಲಿರಿ?" ಎಂದಳು ಮಹಾನಂದಾ.

ಟ್ಯಾಂಕರು ಬಂದ ದಿನ ಓಣಿಯಲ್ಲಿ ಕೊಡ ಕೊಡಕ್ಕೂ ಜಗಳ. ಆ ನೀರನ್ನು ಮಣ್ಣಿಗೆ ಸುರಿಯಲು ಯಾರಿಗೆ ಕೈ ಬಂದೀತು? ಸುಜಾತಾ ತನ್ನ ಪಾಲಿನ ಕೊಡವನ್ನೇ ಎತ್ತಿಕೊಂಡು ಹಿತ್ತಲಿಗೆ ನಡೆದಳು. ಮಹಾನಂದಾ ಅದನ್ನು ಕಸಿದು ಕೆಳಗಿಟ್ಟು, ಒಂದು ದೊಡ್ಡ ಪ್ಲಾಸ್ಟಿಕ್ ಟಬ್ಬನ್ನು ತಂದು ಬಚ್ಚಲಲ್ಲಿ ಇಟ್ಟಳು. ಇನ್ನು ಮೇಲೆ ಮನೆಯವರೆಲ್ಲ ಅದರೊಳಗೆ ಕೂತೇ ಸ್ನಾನ ಮಾಡಬೇಕು, ಹನಿಯೂ ಹೊರಗೆ ಹೋಗಕೂಡದು ಎಂದು ಆಜ್ಞೆಯಾಯಿತು. ಸ್ಥೂಲಕಾಯನಾದ ನಾನು ಮೊಣಕಾಲುಗಳನ್ನು ಗದ್ದಕ್ಕೆ ಆನಿಸಿಕೊಂಡು ಆ ಟಬ್ಬಿನಲ್ಲಿ ಅಡಕವಾದ ದೃಶ್ಯವನ್ನು ಕಲ್ಪಿಸಿಕೊಳ್ಳಬೇಡಿ ಎಂದು ಕೈಮುಗಿದು ಬೇಡುತ್ತೇನೆ. ಎದ್ದೇಳಲು ಹೆಂಡತಿ ಕೈ ಕೊಡಬೇಕಿತ್ತು. ಆ ನೀರೆಲ್ಲ, ಪಾರಿಯ ಸ್ನಾನದ್ದೂ ಸೇರಿ, ಹಿತ್ತಲಿನ ಗುಂಡಿಗೆ ಹೋಯಿತು.

ಶನಿವಾರದ ಹೊತ್ತಿಗೆ ಸುಜಾತಾ ಬರಿಗಾಲಲ್ಲಿ ನಿಂತು ಡಬ್ಬಿಯ ಮೇಲೆ ಅಂಗೈಯನ್ನು ಊರಿ, ಸುಮ್ಮನೆ ನಕ್ಕಳು. ಸೋಮವಾರ ಬೆಳಿಗ್ಗೆ ಪ್ರಶ್ನೆಪತ್ರಿಕೆಗಳು ಭಾಲ್ಕಿಯ ಬಸ್ಸು ಹತ್ತಿದವು. ಸಂಜೆಯ ಬಸ್ಸಿನಲ್ಲಿ ಟೈಪು ಮಾಡಲು ಹೊಸ ಕಟ್ಟು ಬಂತು. ಅವತ್ತು ಗಂಡನ ಫೋನು ಬಂದಾಗ ಅವಳು ನಮ್ಮ ಪಡಸಾಲೆಯಲ್ಲೇ ಇದ್ದಳು.

"ನಾ ಅಲ್ಲಿಗಿ ಬರಲ್ಲರಿ. ಪಾರಿ ಸಾಲಿ ಇಲ್ಲೇ ನಡೀಲಿ. ಮಳಿ ಬಿದ್ದಮ್ಯಾಲ ನೀವೇ ಬರ್ರಿ" ಎಂದಳು. ಆ ಕಡೆಯಿಂದ ಏನೋ ಕೇಳಿದ್ದಕ್ಕೆ, ನಾನು ದಿನಪತ್ರಿಕೆಯ ಹಿಂದೆ ಕೂತಿದ್ದೇನೆಂಬುದನ್ನು ಮರೆತು, ಗಂಭೀರವಾಗಿಯೇ ಉತ್ತರಿಸಿದಳು: "ಹ್ಯಾಂಗಂದ್ರ? ಸರ್ ದಿನಾ ಜಳಕಾ ಮಾಡ್ತಾರರಿ. ಅದರ ಮ್ಯಾಲೇ ನಮ್ಮದು ನಡಿಲತ್ತದ."

ಮರುದಿನ ನನಗೆ ಸಣ್ಣಗೆ ಜ್ವರವಿತ್ತು. ಆದರೂ ಹೋಗಿ ಟಬ್ಬಿನಲ್ಲಿ ಕೂತೆ.